ಒಂಬತ್ತು ಟೀಚರು ಜಾಸ್ತಿ ಇದ್ದಾರೆ ಅನ್ನೋ ಲೆಕ್ಕ: ಒಂದು ಶಾಲೆಯ ಪ್ರಕರಣ

ಇದು ಒಂದು ಶಾಲೆ ತನ್ನ ಖರ್ಚನ್ನೂ ಸಿಬ್ಬಂದಿಯನ್ನೂ ಬೇರೆ ಶಾಲೆಗಳ ಜೊತೆ ಹೋಲಿಸಿ ನೋಡಿದ ಕಥೆ. ಶಾಲೆಯ ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಅಂಕಿಗಳನ್ನೂ ಸ್ವಲ್ಪ ಅತ್ತಿತ್ತ ಮಾಡಿದ್ದೇನೆ, ಆದರೆ ಒಂದಕ್ಕೊಂದು ಇರುವ ಅನುಪಾತ ಕೆಟ್ಟಿಲ್ಲ. ಆಡಳಿತ ಮಂಡಳಿಯವರು ಲೆಕ್ಕ ನೋಡಿಕೊಡಿ ಅಂತ ಕರೆದಿದ್ದರು, ಹಾಗಾಗಿ ಇದನ್ನು ಒಳಗಿನಿಂದ ನೋಡುವ ಅವಕಾಶ ಸಿಕ್ಕಿತು.

ಪರಿಸ್ಥಿತಿ

ಒಂದರಿಂದ ಹತ್ತನೇ ತರಗತಿವರೆಗಿನ ಶಾಲೆ. ನಡೆಸುವುದು ಒಂದು ಟ್ರಸ್ಟ್. ಮಕ್ಕಳು 640. ಐದು ವರ್ಷದ ಹಿಂದೆ 780 ಇದ್ದರು. ಟೀಚರು ಮಾತ್ರ ಆಗಲೂ 36, ಈಗಲೂ 36. ಮೂರು ವರ್ಷದಿಂದ ಖರ್ಚು ಆದಾಯವನ್ನು ಮೀರುತ್ತಿತ್ತು. ನಾನು ನೋಡುವ ಹೊತ್ತಿಗೆ ಕೊರತೆ ಆದಾಯದ 8% ಆಗಿತ್ತು. ಹಳೇ ಉಳಿತಾಯದಿಂದ ತುಂಬಿಕೊಂಡು ಬರುತ್ತಿದ್ದರು, ಅದೂ ಇನ್ನೆಷ್ಟು ದಿನ?

ಯಾವ ಶಾಲೆಯಲ್ಲಾದರೂ ಖರ್ಚಿನ ದೊಡ್ಡ ಪಾಲು ಸಂಬಳವೇ. ಹಾಗಾಗಿ ದುಡ್ಡು ಸಾಲುವುದಿಲ್ಲ ಅಂದ ತಕ್ಷಣ ಎಲ್ಲರ ಕಣ್ಣು ಸ್ಟಾಫ್ ರೂಮಿನ ಕಡೆ ತಿರುಗುತ್ತದೆ. ಇಲ್ಲೂ ಹಾಗೇ ಆಯಿತು.

ಖಜಾಂಚಿ ತುಂಬಾ ಶ್ರದ್ಧೆಯ ಮನುಷ್ಯ. ಪರಿಚಯದ ಮೂರು ಶಾಲೆಗಳಿಂದ ಮಕ್ಕಳ ಸಂಖ್ಯೆ, ಟೀಚರ ಸಂಖ್ಯೆ ಕೇಳಿ ತಂದರು. ಮೂರರಲ್ಲೂ ಒಬ್ಬ ಟೀಚರಿಗೆ ಸುಮಾರು 24 ಮಕ್ಕಳು. ಇಲ್ಲಿ 17.8. ಅವರು 640ನ್ನು 24ರಿಂದ ಭಾಗಿಸಿ 27 ಟೀಚರು ಸಾಕು, 9 ಜನ ಜಾಸ್ತಿ ಇದ್ದಾರೆ ಅಂತ ಒಂದು ಸ್ಲೈಡ್ ಮಾಡಿ ಮಂಡಳಿ ಸಭೆಯಲ್ಲಿ ತೋರಿಸಿದರು. ಸಭೆಯ ಮಾತು ಹೊರಗೆ ಹೋಗಬಾರದು ಅಂತ ಎಲ್ಲರೂ ಒಪ್ಪಿದ್ದರು. ವಾರ ಕಳೆಯುವುದರೊಳಗೆ ಸ್ಟಾಫ್ ರೂಮಿನಲ್ಲಿ ಯಾರ ಹೆಸರು ಆ ಒಂಬತ್ತರಲ್ಲಿದೆ ಅನ್ನೋ ಚರ್ಚೆ ಶುರುವಾಗಿತ್ತು.

ಇದರ ಬೆಲೆ ಆಮೇಲೆ ಗೊತ್ತಾಯಿತು. ವರ್ಷ ಮುಗಿಯುವ ಮೊದಲೇ ಒಬ್ಬ ಗಣಿತದ ಟೀಚರು, ಒಬ್ಬ ವಿಜ್ಞಾನದ ಟೀಚರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು. ಇಬ್ಬರೂ ಚಿಕ್ಕ ವಯಸ್ಸಿನವರು, ಚೆನ್ನಾಗಿ ಪಾಠ ಮಾಡುವವರು. ಕೆಲಸ ಹೋಗಬಹುದು ಅನ್ನೋ ಸುದ್ದಿ ಹಬ್ಬಿದಾಗ ಮೊದಲು ಹೊರಡುವುದು ಬೇರೆ ಕಡೆ ಸುಲಭವಾಗಿ ಕೆಲಸ ಸಿಗುವವರೇ ಅಲ್ವಾ? ಆ ಎರಡೂ ಜಾಗಗಳನ್ನು ಮತ್ತೆ ತುಂಬಲೇಬೇಕಾಯಿತು, ಅದಕ್ಕೆ ತಿಂಗಳುಗಳೇ ಹಿಡಿದವು.

ಆ ಲೆಕ್ಕ ಎಲ್ಲಿ ಮುರಿದು ಬಿತ್ತು

ಮುರಿದದ್ದು ಮುಖ್ಯೋಪಾಧ್ಯಾಯಿನಿ. ಅವರು ವಾದ ಮಾಡಲಿಲ್ಲ, ಟೈಮ್‌ಟೇಬಲ್ ತಂದು ಮೇಜಿನ ಮೇಲೆ ಹಾಸಿದರು. "ಸರ್, ವಾರಕ್ಕೆ 40 ಪೀರಿಯಡ್. ಎಲ್ಲ ಸೆಕ್ಷನ್ನು, ಸೆಕ್ಷನ್ ಒಡೆದು ಮಾಡೋ ಪಾಠ ಎಲ್ಲ ಸೇರಿ 1,080 ಪೀರಿಯಡ್ ಪಾಠ ನಡೀಬೇಕು. ನಿಮ್ಮ 27 ಜನಕ್ಕೆ ಹಂಚಿ ನೋಡಿ" ಅಂದರು.

ಖಜಾಂಚಿ ಹಂಚಿದರು. ಒಬ್ಬರಿಗೆ 40 ಬಂತು. ಅಂದರೆ ವಾರದ ಎಲ್ಲ ಪೀರಿಯಡ್ಡೂ ಪಾಠ. ಒಂದು ಬಿಡುವಿಲ್ಲ, ನೋಟ್‌ಬುಕ್ ತಿದ್ದಲು ಹೊತ್ತಿಲ್ಲ, ಒಬ್ಬರು ರಜಾ ಹಾಕಿದರೆ ಆ ತರಗತಿಗೆ ಹೋಗಲು ಯಾರೂ ಇಲ್ಲ. ಸುಮ್ನೆ ಒಂದು ಭಾಗಾಕಾರ ಮಾಡಿದ್ದಕ್ಕೆ ಸಭೆಯ ಧಾಟಿಯೇ ಬದಲಾಯಿತು.

ಆಮೇಲೆ ಆ ಮೂರು ಶಾಲೆಗಳು ಎಂಥವು ಅಂತ ವಿಚಾರಿಸಿದೆವು. ಒಂದರಲ್ಲಿ 1,400 ಮಕ್ಕಳು. ಅಷ್ಟು ದೊಡ್ಡ ಶಾಲೆಯಲ್ಲಿ ಸೆಕ್ಷನ್‌ಗಳು ತಾವಾಗೇ ತುಂಬಿಕೊಳ್ಳುತ್ತವೆ. ಇನ್ನೊಂದು ಏಳನೇ ತರಗತಿವರೆಗೆ ಮಾತ್ರ, ಒಂದೊಂದು ವಿಷಯಕ್ಕೆ ಒಬ್ಬೊಬ್ಬರು ಬೇಕು ಅನ್ನೋ ತಾಪತ್ರಯ ಅಲ್ಲಿ ಕಡಿಮೆ. ಮೂರನೆಯದರಲ್ಲಿ ಆಟ, ಸಂಗೀತ, ಕಂಪ್ಯೂಟರ್ ಟೀಚರುಗಳೆಲ್ಲ ಒಂದು ಏಜೆನ್ಸಿ ಮೂಲಕ ಬರುತ್ತಿದ್ದರು. ಅವರ ಖರ್ಚು 'ಹೊರಗಿನ ಸೇವೆ' ಅನ್ನೋ ತಲೆಬರಹದಲ್ಲಿ ಕೂತಿತ್ತು, ಟೀಚರ ಎಣಿಕೆಯಲ್ಲಿ ಅವರು ಇರಲೇ ಇಲ್ಲ.

ನಮ್ಮಂಥ ಶಾಲೆ ಅಂದ್ರೆ ಯಾವುದು

ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಆಸ್ಟ್ರೇಲಿಯಾ 2010ರಲ್ಲಿ 'ಮೈ ಸ್ಕೂಲ್' ಅಂತ ಒಂದು ತಾಣ ತೆರೆಯಿತು. ಅಲ್ಲಿ ಅಪ್ಪ ಅಮ್ಮಂದಿರ ಓದು, ಉದ್ಯೋಗ, ಶಾಲೆ ಎಷ್ಟು ದೂರದ ಜಾಗದಲ್ಲಿದೆ ಇಂಥದ್ದನ್ನೆಲ್ಲ ಸೇರಿಸಿ ಪ್ರತಿ ಶಾಲೆಗೂ ಒಂದು ಅಂಕಿ ಕೊಡುತ್ತಾರೆ, ಅದರ ಸರಾಸರಿ 1000. ಪ್ರತಿ ಶಾಲೆಯನ್ನೂ ಆ ಅಂಕಿ ಹತ್ತಿರ ಹತ್ತಿರ ಇರುವ ಶಾಲೆಗಳ ಜೊತೆ ಹೋಲಿಸುವ ಏರ್ಪಾಡು ಅಲ್ಲಿತ್ತು. ಇಂಗ್ಲೆಂಡಿನ ಶಿಕ್ಷಣ ಇಲಾಖೆಯ ಹೋಲಿಕೆ ತಾಣದಲ್ಲಿ ಸರ್ಕಾರಿ ಹಣದಿಂದ ನಡೆಯುವ ಶಾಲೆಗಳ ಖರ್ಚನ್ನು ಯಾರು ಬೇಕಾದರೂ ನೋಡಬಹುದು. ಅಲ್ಲಿ ಮಕ್ಕಳ ಸಂಖ್ಯೆ, ಉಚಿತ ಊಟಕ್ಕೆ ಅರ್ಹರಾದ ಮಕ್ಕಳ ಪಾಲು, ವಿಶೇಷ ನೆರವು ಬೇಕಾದ ಮಕ್ಕಳ ಪಾಲು ನೋಡಿ ಜೋಡಿ ಹುಡುಕುತ್ತಾರೆ. ಕಟ್ಟಡದ ಖರ್ಚಿಗೆ ಮಾತ್ರ ಬೇರೆಯೇ ಗುಂಪು, ಅದನ್ನು ಕಟ್ಟಡದ ಅಳತೆ ಮತ್ತು ವಯಸ್ಸು ನೋಡಿ ಮಾಡುತ್ತಾರೆ. ನನಗೆ ಈ ಕೊನೆಯ ಯೋಚನೆ ತುಂಬಾ ಇಷ್ಟವಾಯಿತು, ಅದನ್ನೇ ಎತ್ತಿಕೊಂಡೆವು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮಗೆ ಅಂಥ ಸಿದ್ಧ ತಾಣ ಇರಲಿಲ್ಲ. ಕೇಳಿಯೇ ತರಬೇಕಿತ್ತು. ಒಂದರಿಂದ ಹತ್ತರವರೆಗೆ ತರಗತಿ ಇರಬೇಕು, ಮಕ್ಕಳು 500ರಿಂದ 800ರೊಳಗೆ ಇರಬೇಕು, ಹಾಸ್ಟೆಲ್ ಇರಬಾರದು, ಓದಿನಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳ ಪಾಲು ಹೆಚ್ಚೂಕಮ್ಮಿ ಒಂದೇ ಇರಬೇಕು. ಇಷ್ಟು ನೋಡಿ ಒಂಬತ್ತು ಶಾಲೆ ಗುರುತಿಸಿದೆವು, ಏಳು ಒಪ್ಪಿದವು. ಒಪ್ಪಂದ ಸರಳ. ತನ್ನ ಅಂಕಿ ಕೊಟ್ಟವರಿಗೆ ಮಾತ್ರ ಬೇರೆಯವರ ಅಂಕಿ. ಹಾಳೆಯಲ್ಲಿ ಹೆಸರಿಲ್ಲ, ಬರೀ ಅಕ್ಷರ. ಜಾಹೀರಾತಿಗೆ ಬಳಸುವ ಹಾಗಿಲ್ಲ.

ಅಂಕಿ ತೊಳೆಯುವ ಕೆಲಸ

ಹೆಚ್ಚು ಸಮಯ ಹೋಗಿದ್ದು ಇಲ್ಲಿ. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ.

ಮೊದಲು ತಲೆ ಎಣಿಸುವುದನ್ನು ನಿಲ್ಲಿಸಿದೆವು. ವಾರದ ಅರ್ಧದಷ್ಟು ದಿನ ಮಾತ್ರ ಬರುವ ಟೀಚರು ಅರ್ಧ ಅಂತ ಲೆಕ್ಕ. ಏಜೆನ್ಸಿಯಿಂದ ಬಂದರೂ ಪಾಠ ಮಾಡಿದರೆ ಟೀಚರೇ. ಮುಖ್ಯೋಪಾಧ್ಯಾಯರು ಎಂಟು ಪೀರಿಯಡ್ ತೆಗೆದುಕೊಂಡರೆ ಅಷ್ಟು ಭಾಗ ಟೀಚರು, ಮಿಕ್ಕಿದ್ದು ಆಡಳಿತ. ಸ್ವಚ್ಛತೆಯ ಕೆಲಸದವರು ಒಂದು ಶಾಲೆಯಲ್ಲಿ ಸಂಬಳದ ಪಟ್ಟಿಯಲ್ಲಿದ್ದರು, ಇನ್ನೊಂದರಲ್ಲಿ ಗುತ್ತಿಗೆ ಬಿಲ್ಲಿನಲ್ಲಿದ್ದರು. ಇದನ್ನು ಸರಿ ಮಾಡದಿದ್ದರೆ ಮೊದಲ ಶಾಲೆಗೆ ಸಿಬ್ಬಂದಿ ಖರ್ಚು ವಿಪರೀತ ಅಂತ ಕಾಣುತ್ತದೆ, ಎರಡನೆಯದು ಭಾರೀ ಚುರುಕು ಅಂತ ಕಾಣುತ್ತದೆ. ಎರಡೂ ಕಡೆ ನೆಲ ಒರೆಸುವವರು ಅಷ್ಟೇ ಜನ.

ಈ ಶಾಲೆ ತನ್ನ ಟ್ರಸ್ಟಿಗೇ ಕಟ್ಟಡದ ಬಾಡಿಗೆ ಕೊಡುತ್ತಿತ್ತು, ಬೇರೆಯವರು ಕೊಡುತ್ತಿರಲಿಲ್ಲ. ಅದನ್ನು ಹೋಲಿಕೆಯಿಂದ ಹೊರಗಿಟ್ಟೆವು. ಬಸ್ಸಿನ ಆದಾಯ, ಖರ್ಚು ಎರಡನ್ನೂ ಎಲ್ಲರಿಂದಲೂ ತೆಗೆದೆವು. ಇನ್ನೊಂದು ಸಣ್ಣ ತೊಡಕು: ಲೆಕ್ಕದ ವರ್ಷ ಮುಗಿಯುವ ತಿಂಗಳಿಗೂ ಶಾಲೆಯ ವರ್ಷ ಮುಗಿಯುವ ತಿಂಗಳಿಗೂ ತಾಳೆ ಇರಲಿಲ್ಲ. ಒಂದೇ ವರ್ಷದ ಖರ್ಚನ್ನು ಎರಡು ಬೇರೆ ವರ್ಷದ ಮಕ್ಕಳ ಸಂಖ್ಯೆಯಿಂದ ಭಾಗಿಸಿ ಕೊಟ್ಟಿದ್ದ ಶಾಲೆಗಳೂ ಇದ್ದವು.

ಕಚೇರಿ ಸಿಬ್ಬಂದಿಯ ಅಂಕಿಯೂ ಹೀಗೇ ಮೋಸ ಮಾಡಿತು. ಈ ಶಾಲೆಯಲ್ಲಿ ಏಳು ಜನ, ಮಿಕ್ಕ ಕಡೆ ನಾಲ್ಕು. ಹುಡುಕಿದರೆ ಏಳರಲ್ಲಿ ಒಬ್ಬರು ಪೂರ್ತಿ ಲೈಬ್ರರಿ ನೋಡಿಕೊಳ್ಳುತ್ತಿದ್ದರು, ಇನ್ನೊಬ್ಬರು ಬಸ್ಸಿನ ಉಸ್ತುವಾರಿ. ನಿಜವಾದ ವ್ಯತ್ಯಾಸ ಒಬ್ಬರದು.

ಅನುಪಾತವನ್ನು ಬಿಡಿಸಿದಾಗ

ಸರಿಯಾದ ಗುಂಪಿನಲ್ಲಿ ಒಬ್ಬ ಟೀಚರಿಗೆ 20 ಮಕ್ಕಳು ಅನ್ನುವುದು ಮಧ್ಯದ ಅಂಕಿ. ಏಳು ಶಾಲೆಗಳನ್ನು ಸಾಲಾಗಿ ನಿಲ್ಲಿಸಿದರೆ ನಾಲ್ಕನೆಯದು. ಸರಾಸರಿ ಬೇಡ ಅಂದೆವು, ಯಾಕಂದರೆ ಒಂದು ಶಾಲೆ ತೀರಾ ಒಂದು ತುದಿಯಲ್ಲಿತ್ತು. ಇಲ್ಲಿ 17.8. ಅಂದರೆ ವ್ಯತ್ಯಾಸ ಒಂಬತ್ತು ಟೀಚರದ್ದಲ್ಲ, ನಾಲ್ಕು.

ಇಷ್ಟಕ್ಕೆ ನಿಲ್ಲಿಸಿ ನಾಲ್ಕು ಜನರನ್ನು ತೆಗೆದುಬಿಡೋಣ ಅನ್ನುವವರೂ ಇದ್ದರು. ಆದರೆ ಈ ಅನುಪಾತ ಒಂದೇ ಅಂಕಿ ಅಲ್ಲ, ಹೆಚ್ಚೂಕಮ್ಮಿ ಎರಡು ಬೇರೆ ಸಂಗತಿಗಳ ಗುಣಾಕಾರ. ಒಂದು ಸೆಕ್ಷನ್ನಿನಲ್ಲಿ ಎಷ್ಟು ಮಕ್ಕಳು, ಒಬ್ಬ ಟೀಚರು ವಾರದ ಎಷ್ಟು ಭಾಗ ಪಾಠ ಮಾಡುತ್ತಾರೆ, ಈ ಎರಡು. ಬಿಡಿಸಿ ನೋಡಿದಾಗ ಚಿತ್ರ ಪೂರ್ತಿ ತಿರುಗಿಬಿತ್ತು. ಇಲ್ಲಿನ ಟೀಚರು ವಾರಕ್ಕೆ 30 ಪೀರಿಯಡ್ ತೆಗೆದುಕೊಳ್ಳುತ್ತಿದ್ದರು, ಮಿಕ್ಕ ಶಾಲೆಗಳ ಮಧ್ಯದ ಅಂಕಿ 28. ಟೀಚರು ಜಾಸ್ತಿ ಇದ್ದಾರೆ ಅಂತ ಹೇಳಿಸಿಕೊಂಡ ಶಾಲೆಯಲ್ಲಿ ಪಾಠದ ಹೊರೆಯೂ ಜಾಸ್ತಿ ಇತ್ತು! ಕೆಳಗಿದ್ದದ್ದು ಸೆಕ್ಷನ್ನಿನ ಅಳತೆ. ಬೇರೆ ಕಡೆ 29 ಮಕ್ಕಳು, ಇಲ್ಲಿ 24.6.

ಇಲ್ಲಿ ಒಬ್ಬ ಹಿರಿಯ ಸದಸ್ಯರು ಒಂದು ಒಳ್ಳೇ ಪ್ರಶ್ನೆ ಎತ್ತಿದರು. ಇಂಗ್ಲೆಂಡಿನ ಶಾಲಾ ಮುಖ್ಯಸ್ಥರ ಸಂಘವೊಂದು ಟೀಚರ ಸಮಯದ 0.78 ಭಾಗ ಪಾಠಕ್ಕೆ ಹೋಗಲಿ ಅಂತ ಸೂಚಿಸುತ್ತದೆ, ನಮ್ಮದು 40ರಲ್ಲಿ 30, ಅಂದರೆ 0.75, ಹಾಗಾದರೆ ಇನ್ನೂ ಜಾಗ ಇದೆಯಲ್ಲ ಅಂದರು. ಅಂಕಿ ಸರಿ. ಆದರೆ ಅಲ್ಲಿ 2003ರ ಒಪ್ಪಂದದ ನಂತರ ಕಚೇರಿಯ ಗುಮಾಸ್ತಿಕೆ ಕೆಲಸಗಳನ್ನು ಟೀಚರ ಕೈಯಿಂದ ತೆಗೆದರು. 2005ರಿಂದ ಪಾಠದ ಸಮಯದ ಕನಿಷ್ಠ 10% ತಯಾರಿಗೆ, ತಿದ್ದುವುದಕ್ಕೆ ಅಂತ ಮೀಸಲಿಟ್ಟರು. ಈ ಶಾಲೆಯಲ್ಲಿ 'ಬಿಡುವಿನ' ಹತ್ತು ಪೀರಿಯಡ್‌ಗಳಲ್ಲಿ ಏನು ನಡೆಯುತ್ತಿತ್ತು ಗೊತ್ತಾ? ಫೀಸ್ ರಸೀದಿ ಬರೆಯುವುದು, ರಜಾ ಹಾಕಿದವರ ತರಗತಿಗೆ ಹೋಗುವುದು, ಮಧ್ಯಾಹ್ನ ಮಕ್ಕಳ ಮೇಲೆ ಕಣ್ಣಿಡುವುದು, ಪ್ರಶ್ನೆಪತ್ರಿಕೆಯ ಫೋಟೋಕಾಪಿ. ಒಬ್ಬರು ಹಿಂದಿನ ವಾರ ತಾನು ಬಿಡುವಿನಲ್ಲಿ ಮಾಡಿದ್ದನ್ನೆಲ್ಲ ಡೈರಿಯ ಒಂದು ಪುಟದಲ್ಲಿ ಬರೆದು ತೋರಿಸಿದರು. ತಯಾರಿ ಅಂತ ಬರೆದದ್ದು ಎರಡೇ ಸಾಲು. ಮಾತು ಅಲ್ಲಿಗೆ ಮುಗಿಯಿತು.

ಹಾಗಾದರೆ ಸೆಕ್ಷನ್ ಯಾಕೆ ಸಣ್ಣದಾಯಿತು? ಒಟ್ಟು 26 ಸೆಕ್ಷನ್. 8, 9, 10ರಲ್ಲಿ ಮೂರು ಮೂರು, ಅಲ್ಲಿ ತರಗತಿಗೆ 75 ಮಕ್ಕಳಿದ್ದರು, ಮೂರು ಬೇಕೇ ಬೇಕು. 1, 2, 6, 7ರಲ್ಲಿ ಎರಡೆರಡು. ಸಮಸ್ಯೆ ಇದ್ದದ್ದು 3, 4, 5ರಲ್ಲಿ. ತರಗತಿಗೆ 59 ಮಕ್ಕಳು, ಸೆಕ್ಷನ್ ಮೂರು. ಒಂದೊಂದರಲ್ಲಿ ಇಪ್ಪತ್ತೂ ಇಲ್ಲ. 780 ಮಕ್ಕಳಿದ್ದ ಕಾಲದಲ್ಲಿ ಮೂರು ಬೇಕಿತ್ತು. ಮಕ್ಕಳು ಕಡಿಮೆಯಾದರು, ಸೆಕ್ಷನ್ ಹಾಗೇ ಉಳಿಯಿತು. ಪ್ರತಿ ವರ್ಷ ಹಳೇ ಟೈಮ್‌ಟೇಬಲ್ಲಿನ ಮೇಲೆ ಹೊಸ ವರ್ಷದ ಹೆಸರು ಬರೆದುಕೊಂಡು ಬಂದಿದ್ದರು. ಐದು ವರ್ಷದ ಹಿಂದೆ ಇದೇ 36 ಟೀಚರಿಗೆ ತಲಾ 21.7 ಮಕ್ಕಳಿದ್ದರು ಅನ್ನುವುದನ್ನೂ ನೆನಪಿಡಿ, ಆಗ ಇವರು ಗುಂಪಿನಲ್ಲಿ ಅಗ್ಗದ ಕಡೆಗಿದ್ದರು.

ಸಂಬಳದ ಮಾತೂ ಇದೆ. ಒಂದು ಮಗುವಿಗೆ ಬೀಳುವ ಟೀಚರ ಖರ್ಚು ಮಧ್ಯದ ಶಾಲೆಗಿಂತ ಸುಮಾರು 29% ಜಾಸ್ತಿ ಬಂತು. ಅದರಲ್ಲಿ ಅನುಪಾತದ ಪಾಲು 12%, ಸರಾಸರಿ ಸಂಬಳದ ಪಾಲು 15%, ಎರಡನ್ನೂ ಗುಣಿಸಿದರೆ 29. ಸಂಬಳ ಜಾಸ್ತಿ ಯಾಕೆ ಅಂದರೆ ಇಲ್ಲಿನವರು ಬಹಳ ವರ್ಷ ಒಂದೇ ಕಡೆ ದುಡಿದವರು. ಇದನ್ನು ದೋಷ ಅಂತ ಹಾಳೆಯಲ್ಲಿ ಕೆಂಪು ಬಣ್ಣ ಬಳಿಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಬಣ್ಣ ತೆಗೆಸಿದೆ.

ತೀರ್ಮಾನ, ಮತ್ತು ನಡೆದದ್ದು

3, 4, 5ರಲ್ಲಿ ಎರಡೆರಡು ಸೆಕ್ಷನ್ ಮಾಡಿದರೆ ಒಟ್ಟು 23 ಆಗುತ್ತದೆ, ಪಾಠದ ಪೀರಿಯಡ್ 1,080ರಿಂದ 960ಕ್ಕೆ ಇಳಿಯುತ್ತದೆ. ಇಲ್ಲಿ ಎರಡು ದಾರಿ ಇದ್ದವು. ಹೊರೆ 30ರಲ್ಲೇ ಇಟ್ಟರೆ 32 ಟೀಚರು ಸಾಕು, ನಾಲ್ಕು ಸಂಬಳ ಉಳಿಯುತ್ತದೆ. ಹೊರೆಯನ್ನು ಬೇರೆ ಶಾಲೆಗಳ ಹಾಗೆ 28ರ ಹತ್ತಿರಕ್ಕೆ ತಂದರೆ 34 ಬೇಕು, ಎರಡು ಸಂಬಳ ಉಳಿಯುತ್ತದೆ. ಮಂಡಳಿ ಎರಡನೆಯದನ್ನು ಆರಿಸಿತು. ಹಿರಿಯರಿಬ್ಬರು ಹೇಗೂ ನಿವೃತ್ತಿಯಾಗುವವರಿದ್ದರು, ಅವರ ಜಾಗ ತುಂಬಲಿಲ್ಲ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಅಂತ ಸ್ಟಾಫ್ ಸಭೆಯಲ್ಲಿ ಬರೆದೇ ಕೊಟ್ಟರು. ಇದು ಮೊದಲ ಸ್ಲೈಡಿಗಿಂತ ಮುಂಚೆ ಆಗಿದ್ದರೆ ಆ ಇಬ್ಬರು ಉಳಿಯುತ್ತಿದ್ದರೋ ಏನೋ.

ಪೋಷಕರ ಸಭೆ ಸುಲಭವಿರಲಿಲ್ಲ. ಒಬ್ಬ ತಾಯಿ ನೇರವಾಗಿ "ಸೆಕ್ಷನ್ ದೊಡ್ಡದು ಮಾಡ್ತೀರಿ, ಫೀಸ್ ಕಡಿಮೆ ಮಾಡ್ತೀರಾ?" ಅಂತ ಕೇಳಿದರು. ಮುಖ್ಯೋಪಾಧ್ಯಾಯಿನಿ ಸುತ್ತಿ ಬಳಸದೆ ಇಲ್ಲ ಅಂದರು, ಶಾಲೆ ನಷ್ಟದಲ್ಲಿದೆ ಅಂತಲೂ ಹೇಳಿದರು. ಗಲಾಟೆ ಆಯಿತು. ಆದರೆ ಅಂಕಿ ಮುಚ್ಚಿಟ್ಟಿದ್ದಾರೆ ಅನ್ನೋ ಮಾತು ಅವತ್ತಿಗೆ ನಿಂತಿತು.

4 ಮತ್ತು 5ನೇ ತರಗತಿಯಲ್ಲಿ ಸಲೀಸಾಗಿ ನಡೆಯಿತು. 3ರಲ್ಲಿ ಸಿಕ್ಕಿಹಾಕಿಕೊಂಡಿತು. ಆ ವರ್ಷದ ಮೂರನೇ ತರಗತಿಯಲ್ಲಿ ಇನ್ನೂ ಓದಲು ತಡವರಿಸುವ ಮಕ್ಕಳು ಬಹಳ ಇದ್ದರು. ಹೋಲಿಕೆಯ ಹಾಳೆಯಲ್ಲಿ ಇಡೀ ಶಾಲೆಗೆ ಒಂದೇ ಅಂಕಿ ಇತ್ತು, ಒಂದು ತರಗತಿಯ ಈ ಗುಟ್ಟು ಅದರಲ್ಲಿ ಕಾಣುವ ಹಾಗಿರಲಿಲ್ಲ. ಕೊನೆಗೆ ಭಾಷೆ, ಗಣಿತಕ್ಕೆ ಬೆಳಿಗ್ಗೆ ಮೂರು ಗುಂಪು, ಉಳಿದ ವಿಷಯಕ್ಕೆ ಎರಡು ಅಂತ ಒಪ್ಪಂದವಾಯಿತು. ವಾರಕ್ಕೆ 12 ಪೀರಿಯಡ್ ಜಾಸ್ತಿ ಬಿತ್ತು, ಟೀಚರ ಹೊರೆ 28.6 ಆಯಿತು. ತೊಂದರೆ ಇಲ್ಲ.

ಈಗ ಕಟ್ಟಡದ ವಿಷಯ. ಮಗುವಿನ ಲೆಕ್ಕದಲ್ಲಿ ನೋಡಿದರೆ ಕರೆಂಟು, ನಿರ್ವಹಣೆಯ ಖರ್ಚು ಗುಂಪಿನ ಮಧ್ಯದ ಅಂಕಿಗಿಂತ 35% ಜಾಸ್ತಿ. ಖಜಾಂಚಿ ಇದನ್ನು ಹಿಡಿದುಕೊಂಡಿದ್ದರು. ಚದರ ಮೀಟರಿನ ಲೆಕ್ಕದಲ್ಲಿ ನೋಡಿದರೆ 10% ಕಡಿಮೆ! ಕಟ್ಟಡ 900 ಮಕ್ಕಳಿಗೆ ಅಂತ ಕಟ್ಟಿದ್ದು, ಖಾಲಿ ಕೋಣೆಗಳ ಖರ್ಚನ್ನು ಇರುವ ಮಕ್ಕಳು ಹೊರುತ್ತಿದ್ದರು. ಇನ್ನೂ ಬಿಡಿಸಿದಾಗ ರಿಪೇರಿ ಖರ್ಚು ಎಂಟು ಶಾಲೆಗಳಲ್ಲೇ ಅತಿ ಕಡಿಮೆ ಅಂತ ತಿಳಿಯಿತು. ಇದನ್ನು ಮಂಡಳಿ ಉಳಿತಾಯ ಅಂತ ಹೇಳಿಕೊಳ್ಳುತ್ತಿತ್ತು. ನಿಜ ಏನೆಂದರೆ ಪ್ರಯೋಗಾಲಯದ ಚಾವಣಿ ನಾಲ್ಕು ಮಳೆಗಾಲದಿಂದ ಸೋರುತ್ತಿತ್ತು. ಒಂದು ಮೂಲೆಯಲ್ಲಿ ಬಕೆಟ್ ಇಟ್ಟಿದ್ದರು, ಸೂಕ್ಷ್ಮದರ್ಶಕಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರು. ಹೋಲಿಕೆಯಲ್ಲಿ ಎಲ್ಲರಿಗಿಂತ ಕೆಳಗಿದ್ದೇವೆ ಅಂದರೆ ಅದೂ ಕೇಳಬೇಕಾದ ಪ್ರಶ್ನೆಯೇ. ಸಂಬಳದಲ್ಲಿ ಉಳಿದ ದುಡ್ಡಿನ ಒಂದು ಭಾಗ ಚಾವಣಿಗೆ ಹೋಯಿತು. ಮೇಲಿನ ಮಹಡಿಯ ಒಂದು ಬದಿಯನ್ನು ಮುಚ್ಚಿದರು.

ಎರಡು ವರ್ಷದ ನಂತರ ಕೊರತೆ 8%ರಿಂದ 3%ಕ್ಕೆ ಇಳಿದಿದೆ. ಸೊನ್ನೆ ಆಗಿಲ್ಲ. ಮಕ್ಕಳು 622, ಇಳಿಯುವುದು ನಿಧಾನವಾಗಿದೆ, ಆದರೆ ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನಾನು ಹೇಳಲಾರೆ.

ಇದೇ ಕೆಲಸಕ್ಕೆ ಕೈ ಹಾಕುವವರಿಗೆ

ಲೆಕ್ಕದ ಪುಸ್ತಕಕ್ಕಿಂತ ಮೊದಲು ಟೈಮ್‌ಟೇಬಲ್ ತರಿಸಿ. ಇಡೀ ಪ್ರಕರಣದಲ್ಲಿ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ತೋರಿಸಿದ್ದು ಆ ಹಾಳೆ. ಹೋಲಿಸುವ ಶಾಲೆಗಳನ್ನು ಆರಿಸುವಾಗ ಮುಖ್ಯೋಪಾಧ್ಯಾಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಫಲಿತಾಂಶ ಬಂದ ಮೇಲೆ "ಆ ಶಾಲೆ ನಮ್ಮ ಥರ ಅಲ್ಲ" ಅನ್ನೋ ಜಗಳ ತಪ್ಪುತ್ತದೆ. ಒಂದೇ ವರ್ಷದ ಅಂಕಿ ಸಾಲದು, ಐದು ವರ್ಷದ್ದು ಬೇಕು. 780 ಅನ್ನೋ ಹಳೇ ಅಂಕಿ ಇಲ್ಲದಿದ್ದರೆ ಇಲ್ಲಿ ಬೇಕಾಬಿಟ್ಟಿ ಟೀಚರು ನೇಮಿಸಿಕೊಂಡಿದ್ದಾರೆ ಅಂತಲೇ ಎಲ್ಲರೂ ನಂಬುತ್ತಿದ್ದರು. ಅನುಪಾತವನ್ನು ಬಿಡಿಸುವ ಮೊದಲು ಅದನ್ನು ಜನರ ತಲೆಎಣಿಕೆಯಾಗಿ ಬದಲಿಸಿ ಪರದೆಯ ಮೇಲೆ ಹಾಕಬೇಡಿ.

ಈ ಹಾಳೆಯನ್ನು ಈಗ ಪ್ರತಿ ವರ್ಷ ತುಂಬುತ್ತಿದ್ದಾರೆ. ಏಳರಲ್ಲಿ ಒಂದು ಶಾಲೆ ಗುಂಪು ಬಿಟ್ಟಿದೆ, ಬದಲಿಗೆ ಇನ್ನೊಂದು ಬಂದಿದೆ. ಹೋದ ಸಲ ಒಂದು ಹೊಸ ಕಾಲಂ ಸೇರಿಸಿದೆವು. ಬರುವ ಮೂರು ವರ್ಷಗಳಲ್ಲಿ ಇನ್ನೂ ಆರು ಜನ ಹಿರಿಯ ಟೀಚರು ನಿವೃತ್ತಿಯಾಗುತ್ತಾರೆ, ಅವರ ಜಾಗಕ್ಕೆ ಹೊಸಬರು ಬಂದರೆ ಸರಾಸರಿ ಸಂಬಳ ತಾನಾಗೇ ಇಳಿಯುತ್ತದೆ. ಆಗ ಯಾರೂ ಏನೂ ಮಾಡದೆ ತಲಾ ಖರ್ಚು ಚೆನ್ನಾಗಿ ಕಾಣುತ್ತದೆ, ಯಾರಾದರೂ ಎದ್ದು ನಿಂತು ಇದು ನಮ್ಮ ಸಾಧನೆ ಅನ್ನುತ್ತಾರೆ. ಅದಕ್ಕೇ ಸಂಬಳದ ಪಾಲು, ಸೆಕ್ಷನ್ನಿನ ಪಾಲು, ಪಾಠದ ಹೊರೆಯ ಪಾಲು ಇವನ್ನು ಬೇರೆ ಬೇರೆ ಬರೆಯಬೇಕು ಅಂತ ಆಗಿದೆ. ಖಜಾಂಚಿಯೇ ಅದನ್ನು ಸೂಚಿಸಿದ್ದು.